ಅಪಾಯದಂಚಿನ ಕಾಡುಗಳಲ್ಲಿ ಮರದ ಬೀಜಗಳ ಮೇಲೆ ಸ್ಥಳೀಯ ಹಾಗೂ ಅನ್ಯ ಸಸ್ತನಿಗಳ ಪರಿಣಾಮ

(ಕಿರು ಅರಣ್ಯ ಉತ್ಪನ್ನ ಸಂಗ್ರಹಣೆ, ಬೀಜ ಸಂಗ್ರಹಣೆ, ಅಧ್ಯಯನದ ಅನುಮತಿ ಹಾಗೂ ಜಾನುವಾರು ಮೇಯಿಸುವಿಕೆಗೆ ಸಂಬಂಧಿಸಿದಂತೆ ಅರ್ಜಿ ಸಲ್ಲಿಸುವ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಕಾಡು ತನ್ನನ್ನು ತಾನೇ ಉಳಿಸಿಕೊಳ್ಳುವುದು ಬೀಜಗಳ ಮೂಲಕ. ಮರವು ನಿಂತಲ್ಲಿಂದ ಕದಲಲಾರದು. ಆದುದರಿಂದ ಅದರ ಬೀಜವನ್ನು ಬೇರೊಂದು ಸ್ಥಳಕ್ಕೆ ಒಯ್ಯುವ ಕೆಲಸವನ್ನು ಗಾಳಿ, ನೀರು, ಹಕ್ಕಿ ಮತ್ತು ಸಸ್ತನಿಗಳು ನಿರ್ವಹಿಸುತ್ತವೆ. ಅದೇ ಸಸ್ತನಿಗಳು ಬೀಜಗಳನ್ನು ಕಡಿದು ತಿಂದು ನಾಶಪಡಿಸುವುದೂ ಉಂಟು. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡುಗಳು, ರಾಂಪತ್ರೆ ಜಡ್ಡಿಗಳು, ಕಾನುಗಳು ಹಾಗೂ ಒಣ ಎಲೆಯುದುರುವ ಕಾಡುಗಳು ಈಗಾಗಲೇ ತುಂಡುತುಂಡಾಗಿ ಉಳಿದಿರುವುದರಿಂದ, ಬೀಜವನ್ನು ಯಾವ ಪ್ರಾಣಿ ಒಯ್ಯುತ್ತದೆ, ಯಾವ ಪ್ರಾಣಿ ತಿನ್ನುತ್ತದೆ ಎಂಬ ವಿಷಯವು ಆ ಕಾಡುಗಳ ಮುಂದಿನ ನೂರು ವರ್ಷವನ್ನು ನಿರ್ಧರಿಸುತ್ತದೆ.

ಅರ್ಜಿದಾರರು ಅನೇಕ ವೇಳೆ "ನೆಲಕ್ಕೆ ಬಿದ್ದು ಕೊಳೆಯುವ ಹಣ್ಣನ್ನು ಆಯ್ದುಕೊಳ್ಳಲು ಅನುಮತಿ ಏಕೆ ಬೇಕು?", "ದನ ಮೇಯ್ದರೆ ಮರಕ್ಕೆ ಏನು ತೊಂದರೆ?" ಎಂದು ಕೇಳುತ್ತಾರೆ. ಈ ಪ್ರಶ್ನೆಗಳು ನ್ಯಾಯವಾದವು. ಅವುಗಳಿಗೆ ನಿಯಮದ ಸಂಖ್ಯೆಯನ್ನಷ್ಟೇ ಉತ್ತರವಾಗಿ ನೀಡಿದರೆ ಸಾಲದು. ನಿಯಮದ ಹಿಂದಿನ ಕಾರಣವನ್ನೂ ತಿಳಿಸುವುದು ಅಗತ್ಯ. ಆ ಉದ್ದೇಶದಿಂದ ಈ ಮಾಹಿತಿಯನ್ನು ಒದಗಿಸಲಾಗಿದೆ.

2. ಪದಗಳ ವಿವರಣೆ

ಸ್ಥಳೀಯ ಸಸ್ತನಿ: ಒಂದು ಪ್ರದೇಶದಲ್ಲಿ ಮಾನವನ ನೆರವಿಲ್ಲದೆ ಸ್ವಾಭಾವಿಕವಾಗಿ ವಾಸಿಸುತ್ತಾ ಬಂದಿರುವ, ಹಾಲೂಡಿ ಮರಿ ಸಾಕುವ ಪ್ರಾಣಿ. ಉದಾ: ಆನೆ, ಕಡವೆ, ಸಿಂಗಳೀಕ, ಬಾವಲಿ.

ಅನ್ಯ ಸಸ್ತನಿ: ಮಾನವನು ಉದ್ದೇಶಪೂರ್ವಕವಾಗಿಯೋ ಅರಿವಿಲ್ಲದೆಯೋ ಬೇರೆಡೆಯಿಂದ ತಂದುಬಿಟ್ಟ ಪ್ರಾಣಿ. ಹೀಗೆ ಬಂದ ಪ್ರಾಣಿಯು ಹೆಚ್ಚಿ ಹರಡಿ ಅಲ್ಲಿನ ಜೀವಿಗಳಿಗೆ ಹಾನಿಯುಂಟುಮಾಡಿದಲ್ಲಿ ಅದನ್ನು ಆಕ್ರಮಣಕಾರಿ ಅನ್ಯ ಪ್ರಾಣಿ ಎಂದು ಕರೆಯಲಾಗುತ್ತದೆ.

ಬೀಜ ಪ್ರಸರಣ: ಬೀಜವು ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳದೆ ತಾಯಿಮರದಿಂದ ದೂರಕ್ಕೆ ಸಾಗುವುದು.

ಬೀಜ ಭಕ್ಷಣೆ: ಪ್ರಾಣಿಯು ಬೀಜವನ್ನೇ ಕಡಿದು, ಅಗಿದು ತಿಂದು ಅದರ ಜೀವವನ್ನು ಕೊನೆಗಾಣಿಸುವುದು. ಹಣ್ಣಿನ ತಿರುಳನ್ನು ತಿಂದು ಬೀಜವನ್ನು ಉಗುಳುವುದು ಭಕ್ಷಣೆಯಲ್ಲ.

ಸ್ವಾಭಾವಿಕ ಪುನರುತ್ಪತ್ತಿ: ಕಾಡಿನಲ್ಲಿ ನೆಡದೆಯೇ ಬೀಜದಿಂದ ಸಸಿ ಎದ್ದು, ಸಸಿಯು ಮರವಾಗಿ ಬೆಳೆಯುವುದು.

3. ಬೀಜದ ಜಮಾ ಮತ್ತು ಖರ್ಚು

ಒಂದು ದೊಡ್ಡ ಮರವು ತನ್ನ ಜೀವಿತಾವಧಿಯಲ್ಲಿ ಸಾವಿರಾರು ಬೀಜಗಳನ್ನು ಕೊಡುತ್ತದೆ. ಅವುಗಳಲ್ಲಿ ಒಂದೇ ಒಂದು ಬೀಜ ಮರವಾಗಿ ನಿಂತು ಮತ್ತೆ ಫಲ ಕೊಟ್ಟರೂ ತಾಯಿಮರದ ಸ್ಥಾನ ಭರ್ತಿಯಾಗುತ್ತದೆ. ಹೀಗಾಗಿ ಬೀಜಗಳಲ್ಲಿ ಬಹುಪಾಲು ನಷ್ಟವಾಗುವುದು ಸಹಜವೇ ಆಗಿದ್ದು, ಆ ನಷ್ಟವನ್ನು ಲೆಕ್ಕಕ್ಕೆ ಹಿಡಿದೇ ಮರವು ಅಷ್ಟೊಂದು ಬೀಜ ಬಿಡುತ್ತದೆ. ಇಲಿ, ಅಳಿಲುಗಳು ತಿನ್ನುವ ಬೀಜವನ್ನೆಲ್ಲ ಹಾನಿಯೆಂದು ಬಗೆಯುವುದು ಆದುದರಿಂದ ಸರಿಯಲ್ಲ.

ಹಾನಿ ಆರಂಭವಾಗುವುದು ಕೆಳಕಂಡ ಮೂರು ಸಂದರ್ಭಗಳಲ್ಲಿ:

(ಅ) ಬೀಜ ತಿನ್ನುವ ಪ್ರಾಣಿಗಳು ಮಿತಿಮೀರಿ ಹೆಚ್ಚಿ, ಆ ಒಂದು ಬೀಜವೂ ಉಳಿಯದಿದ್ದಾಗ;
(ಆ) ಬೀಜ ಒಯ್ಯುವ ಪ್ರಾಣಿಗಳು ಇಲ್ಲವಾಗಿ, ಎಲ್ಲಾ ಬೀಜಗಳೂ ತಾಯಿಮರದ ಬುಡದಲ್ಲೇ ಬಿದ್ದಾಗ;
(ಇ) ಮೊಳೆತ ಸಸಿಯನ್ನು ಮೇಯುವ ಅಥವಾ ತುಳಿಯುವ ಪ್ರಾಣಿಗಳು ಅಧಿಕವಾದಾಗ.

ತಾಯಿಮರದ ಬುಡದಲ್ಲಿ ಬಿದ್ದ ಬೀಜಗಳಿಗೆ ಉಳಿವು ಕಡಿಮೆ ಏಕೆಂಬುದನ್ನು 1970 ಮತ್ತು 1971ರಲ್ಲಿ ಡೇನಿಯಲ್ ಜಾನ್ಸೆನ್ ಹಾಗೂ ಜೋಸೆಫ್ ಕಾನೆಲ್ ಎಂಬ ಇಬ್ಬರು ವಿಜ್ಞಾನಿಗಳು ಪ್ರತ್ಯೇಕವಾಗಿ ವಿವರಿಸಿದರು. ಒಂದೇ ಜಾತಿಯ ಬೀಜಗಳು ಒಂದೆಡೆ ರಾಶಿ ಬಿದ್ದಲ್ಲಿ ಆ ಜಾತಿಯನ್ನೇ ಹುಡುಕಿಕೊಂಡು ಬರುವ ಕೀಟ, ಶಿಲೀಂಧ್ರ ಮತ್ತು ಬೀಜಭಕ್ಷಕ ಪ್ರಾಣಿಗಳು ಅಲ್ಲಿಯೇ ನೆಲೆಸುತ್ತವೆ. ದೂರಕ್ಕೆ ಸಾಗಿದ ಬೀಜವು ಈ ಕಾಟದಿಂದ ಪಾರಾಗುವ ಸಂಭವ ಹೆಚ್ಚು. ಉಷ್ಣವಲಯದ ಕಾಡಿನಲ್ಲಿ ಒಂದೇ ಜಾತಿಯ ಮರಗಳು ಒತ್ತಾಗಿ ನಿಲ್ಲದೆ ನೂರಾರು ಜಾತಿಗಳು ಬೆರೆತು ಬೆಳೆಯಲು ಇದೂ ಒಂದು ಕಾರಣವೆಂದು ಪರಿಗಣಿಸಲಾಗಿದೆ.

ಇನ್ನೊಂದು ವಿಷಯವನ್ನು ಗಮನಿಸತಕ್ಕದ್ದು. ನಿತ್ಯಹರಿದ್ವರ್ಣ ಕಾಡಿನ ಅನೇಕ ಮರಗಳ ಬೀಜಗಳು, ಉದಾಹರಣೆಗೆ ರಾಂಪತ್ರೆ ಮತ್ತು ಧೂಪದ ಬೀಜಗಳು, ಒಣಗಿದರೆ ಮೊಳೆಯುವ ಶಕ್ತಿಯನ್ನು ಬೇಗನೆ ಕಳೆದುಕೊಳ್ಳುತ್ತವೆ. ಇವುಗಳನ್ನು ಧಾನ್ಯದಂತೆ ಚೀಲದಲ್ಲಿ ತುಂಬಿ ವರ್ಷಗಟ್ಟಲೆ ದಾಸ್ತಾನು ಇಡಲಾಗದು. ಆ ಮಳೆಗಾಲದಲ್ಲಿ ಬಿದ್ದ ಬೀಜ ಆ ಮಳೆಗಾಲದಲ್ಲೇ ಸರಿಯಾದ ಜಾಗ ಸೇರಬೇಕು. ಒಂದು ವರ್ಷದ ಬೀಜ ವ್ಯರ್ಥವಾದರೆ ಮುಂದಿನ ವರ್ಷಕ್ಕೆ ಶಿಲ್ಕು ಉಳಿಯುವುದಿಲ್ಲ.

4. ಸ್ಥಳೀಯ ಸಸ್ತನಿಗಳ ಪಾತ್ರ

4.1 ಆನೆ

ಆನೆಯು ನುಂಗಿದ ಬೀಜಗಳು ಒಂದೆರಡು ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ಅದರ ಹೊಟ್ಟೆಯಲ್ಲಿದ್ದು ಲದ್ದಿಯೊಂದಿಗೆ ಹೊರಬರುತ್ತವೆ. ಈ ಅವಧಿಯಲ್ಲಿ ಆನೆಯು ಹಲವು ಕಿಲೋಮೀಟರ್ ಸಾಗಿರುತ್ತದೆ. ದೊಡ್ಡ ಹಣ್ಣನ್ನು ಇಡಿಯಾಗಿ ನುಂಗಬಲ್ಲ ಪ್ರಾಣಿಗಳು ಕಾಡಿನಲ್ಲಿ ಬೇರೆ ಇಲ್ಲದಿರುವುದರಿಂದ ದೊಡ್ಡ ಹಣ್ಣಿನ ಮರಗಳಿಗೆ ಆನೆಯೇ ಮುಖ್ಯ ವಾಹಕವಾಗಿದೆ.

ಪಶ್ಚಿಮ ಬಂಗಾಳದ ಬುಕ್ಸಾ ಹುಲಿ ಸಂರಕ್ಷಿತ ಪ್ರದೇಶದಲ್ಲಿ ನಿತಿನ್ ಶೇಖರ್ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರು ಡಿಲೇನಿಯಾ ಇಂಡಿಕಾ ಎಂಬ ಮರವನ್ನು ಕುರಿತು ನಡೆಸಿದ ಅಧ್ಯಯನವು 2013ರಲ್ಲಿ ಪ್ರಕಟವಾಯಿತು. ಈ ಮರದ ಗಟ್ಟಿ ಹಣ್ಣನ್ನು ಆನೆಗಳು ಇಡಿಯಾಗಿ ತಿನ್ನುತ್ತವೆ. ಆನೆ ಬಾರದಿದ್ದಲ್ಲಿ ನೆಲದ ಮೇಲಿನ ಹಣ್ಣು ತಿಂಗಳು ಕಳೆದಂತೆ ಮೆತ್ತಗಾಗಿ ಸಣ್ಣ ಪ್ರಾಣಿಗಳಿಗೂ ಎಟಕುತ್ತದೆ. 2015ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನದಲ್ಲಿ, ಆನೆ ಇಲ್ಲದಿದ್ದರೆ ಊರಿನ ದನ ಮತ್ತು ಎಮ್ಮೆಗಳು ಅದೇ ಕೆಲಸವನ್ನು ಮಾಡಬಲ್ಲವೇ ಎಂದು ಪರಿಶೀಲಿಸಲಾಯಿತು. ದನ, ಎಮ್ಮೆಗಳು ಆನೆಯ ಸ್ಥಾನವನ್ನು ಭಾಗಶಃ ಮಾತ್ರ ತುಂಬಬಲ್ಲವು ಎಂಬುದು ಅದರ ಸಾರಾಂಶ. ಅಧ್ಯಯನ ಮಾಡಲಾದ ಮರಗಳಲ್ಲಿ ನಮ್ಮ ರಾಜ್ಯದ ಕಾಡುಗಳಲ್ಲೂ ಬೆಳೆಯುವ ಕೌಲು ಮರವೂ ಸೇರಿದೆ. ದೇಶದಲ್ಲಿ ಅತಿ ಹೆಚ್ಚು ಕಾಡಾನೆಗಳಿರುವ ರಾಜ್ಯ ಕರ್ನಾಟಕವಾಗಿರುವುದರಿಂದ ಈ ವಿಷಯ ನಮಗೆ ದೂರದ್ದಲ್ಲ.

4.2 ಜಿಂಕೆ, ಕಡವೆ, ಕಾಡುಕುರಿ

ಮೆಲುಕು ಹಾಕುವ ಪ್ರಾಣಿಗಳು ಹಣ್ಣನ್ನು ಅವಸರದಲ್ಲಿ ನುಂಗಿ, ನಂತರ ನೆರಳಿನಲ್ಲಿ ಮಲಗಿ ಮೆಲುಕು ಹಾಕುವಾಗ ಗಟ್ಟಿ ಬೀಜಗಳನ್ನು ಉಗುಳುತ್ತವೆ. ಇದರಿಂದ ಬೀಜವು ತಿರುಳಿನಿಂದ ಬಿಡಿಸಿಕೊಂಡು ತಾಯಿಮರದಿಂದ ದೂರ ಬೀಳುತ್ತದೆ. ನೆಲ್ಲಿಕಾಯಿಯ ಬೀಜಗಳು ಹರಡುವುದು ಈ ರೀತಿಯಲ್ಲೇ. ಈ ಕುರಿತು ಉತ್ತರಾಖಂಡದ ರಾಜಾಜಿ ರಾಷ್ಟ್ರೀಯ ಉದ್ಯಾನದಲ್ಲಿ ನಡೆದ ಅಧ್ಯಯನವು 2006ರಲ್ಲಿ ಪ್ರಕಟವಾಗಿದೆ. ಕಾಡಿನಲ್ಲಿ ಜಿಂಕೆಗಳು ಕಡಿಮೆಯಾದರೆ ನೆಲ್ಲಿ ಸಂಗ್ರಹಿಸಿ ಜೀವನ ಸಾಗಿಸುವ ಕುಟುಂಬಗಳ ಮುಂದಿನ ಪೀಳಿಗೆಯ ಆದಾಯವೂ ಕಡಿಮೆಯಾಗುತ್ತದೆ ಎಂಬುದನ್ನು ಇದರಿಂದ ತಿಳಿಯಬಹುದು.

ಆದರೆ ಅದೇ ಜಿಂಕೆಗಳು ಎಳೆಸಸಿಗಳನ್ನು ಮೇಯುತ್ತವೆ. ಹುಲಿ, ಚಿರತೆ, ಕಾಡುನಾಯಿಗಳಿರುವ ಕಾಡಿನಲ್ಲಿ ಜಿಂಕೆಗಳ ಸಂಖ್ಯೆಯೂ ಅವುಗಳ ಮೇವಿನ ಜಾಗವೂ ಹತೋಟಿಯಲ್ಲಿರುತ್ತವೆ. ಆ ಹತೋಟಿ ತಪ್ಪಿದಲ್ಲಿ ಏನಾಗುತ್ತದೆ ಎಂಬುದನ್ನು ಕಂಡಿಕೆ 5ರಲ್ಲಿ ವಿವರಿಸಲಾಗಿದೆ.

4.3 ಕರಡಿ ಮತ್ತು ಮರಬೆಕ್ಕು

ಕರಡಿಯು ನೇರಳೆ, ಬೋರೆ, ಕಕ್ಕೆ, ಅತ್ತಿ ಮುಂತಾದ ಹಣ್ಣುಗಳನ್ನು ತಿಂದು ಬೀಜಗಳನ್ನು ಹಿಕ್ಕೆಯಲ್ಲಿ ಹೊರಹಾಕುತ್ತದೆ. ಬಳ್ಳಾರಿ ಸೀಮೆಯ ದರೋಜಿ ಕರಡಿಧಾಮದಂತಹ (1994) ಕುರುಚಲು ಕಾಡುಗಳಲ್ಲಿ ಹಣ್ಣಿನ ಮರಗಳ ಹರಡುವಿಕೆಗೆ ಇದು ಸಹಾಯಕ.

ಮರಬೆಕ್ಕು ರಾತ್ರಿ ವೇಳೆ ಸಂಚರಿಸುವ ಪ್ರಾಣಿಯಾದ ಕಾರಣ ಜನರ ಕಣ್ಣಿಗೆ ಬೀಳುವುದು ಅಪರೂಪ. ಬೈನೆ ಮರದ ಹಣ್ಣುಗಳನ್ನು ತಿಂದು ಬೀಜ ಹರಡುವುದರಲ್ಲಿ ಇದರ ಪಾತ್ರ ದೊಡ್ಡದು. ಪಶ್ಚಿಮ ಘಟ್ಟದಲ್ಲಿ ಮಾತ್ರ ಕಂಡುಬರುವ ಕಂದು ಮರಬೆಕ್ಕನ್ನು ಕುರಿತು ತಮಿಳುನಾಡಿನ ಕಳಕ್ಕಾಡು-ಮುಂಡಂತುರೈ ಪ್ರದೇಶದಲ್ಲಿ ದಿವ್ಯಾ ಮುದ್ದಪ್ಪ ಮತ್ತು ಸಹೋದ್ಯೋಗಿಗಳು ನಡೆಸಿದ ಅಧ್ಯಯನದಲ್ಲಿ ಅದರ ಆಹಾರದ ಬಹುಪಾಲು ಹಣ್ಣೇ ಎಂದೂ, 50ಕ್ಕೂ ಹೆಚ್ಚು ಜಾತಿಗಳ ಹಣ್ಣುಗಳನ್ನು ಅದು ತಿನ್ನುತ್ತದೆ ಎಂದೂ ಕಂಡುಬಂದಿದೆ. ಕಾಫಿ ತೋಟದ ನೆರಳಿನ ಮರಗಳಲ್ಲಿ ವಾಸಿಸುವ ಮರಬೆಕ್ಕು, ತೋಟ ಮತ್ತು ಕಾಡಿನ ನಡುವೆ ಬೀಜಗಳನ್ನು ಸಾಗಿಸುವ ಕೊಂಡಿಯಾಗಿದೆ.

4.4 ಸಿಂಗಳೀಕ ಮತ್ತು ಇತರ ಮಂಗಗಳು

ಕೋತಿ ಹಾಗೂ ಸಿಂಗಳೀಕಗಳಿಗೆ ಕೆನ್ನೆಯಲ್ಲಿ ಚೀಲಗಳಿವೆ. ಹಣ್ಣನ್ನು ಅದರಲ್ಲಿ ತುಂಬಿಕೊಂಡು ಮುಂದಿನ ಮರಕ್ಕೆ ಹೋಗಿ, ತಿರುಳನ್ನು ತಿಂದು ಬೀಜವನ್ನು ಉಗುಳುತ್ತವೆ. ಕೆಲವು ಜಾತಿಯ ಬೀಜಗಳನ್ನು ಅವು ಕಡಿದು ತಿನ್ನುವುದೂ ಉಂಟು. ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ಕಣಿವೆಯ ಕಾಡನ್ನು 2011ರಲ್ಲಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿ, 2019ರಲ್ಲಿ ಅದನ್ನು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದಲ್ಲಿ ಸೇರಿಸಲಾಗಿದೆ. ಈ ಭಾಗದ ಉಪ್ಪಾಗೆ ಹಣ್ಣು ಸಿಂಗಳೀಕಕ್ಕೂ ಆಹಾರ, ಜನರಿಗೂ ಆದಾಯ.

4.5 ಬಾವಲಿ

ಬಾವಲಿಯು ಹಕ್ಕಿಯಲ್ಲ, ಸಸ್ತನಿ. ಹಣ್ಣು ತಿನ್ನುವ ಬಾವಲಿಗಳು ಹಣ್ಣನ್ನು ಮರದಿಂದ ಕಿತ್ತು ಬೇರೊಂದು ಮರಕ್ಕೆ ಒಯ್ದು ತಿನ್ನುತ್ತವೆ. ಸುರಹೊನ್ನೆ ಮತ್ತು ಹಿಪ್ಪೆಯ ಬೀಜಗಳು ಹೀಗೆ ಸಾಗುತ್ತವೆ. ಆಲ, ಅತ್ತಿ ಜಾತಿಯ ಸಣ್ಣ ಬೀಜಗಳು ಹಾರುವಾಗಲೇ ಹಿಕ್ಕೆಯೊಂದಿಗೆ ಬೀಳುತ್ತವೆ. ಮರಗಳಿಲ್ಲದ ಬಯಲನ್ನು ದಾಟಿ ಬೀಜ ಒಯ್ಯಬಲ್ಲ ಕಾರಣ, ತುಂಡಾದ ಕಾಡುಗಳಿಗೆ ಬಾವಲಿಯ ಸೇವೆ ವಿಶೇಷವಾದುದು.

4.6 ಕೆಂದಳಿಲು, ಇಲಿ, ಮುಳ್ಳುಹಂದಿ, ಕಾಡುಹಂದಿ

ಇವು ಮುಖ್ಯವಾಗಿ ಬೀಜಭಕ್ಷಕಗಳು. ಕೆಂದಳಿಲು ಮರದ ಮೇಲೆಯೇ ಬೀಜವನ್ನು ಕಡಿದು ತಿನ್ನುತ್ತದೆ. ಕಾಡಿಲಿಗಳು ನೆಲದ ಬೀಜಗಳನ್ನು ತಿನ್ನುತ್ತವೆ. ಬಿಲಕ್ಕೆ ಒಯ್ದು ಮರೆತ ಬೀಜ ಮೊಳೆಯುವುದೂ ಉಂಟು. ಈ ಪ್ರಾಣಿಗಳು ಕಾಡಿನ ಶತ್ರುಗಳಲ್ಲ. ಒಂದೇ ಜಾತಿಯ ಮರ ಕಾಡನ್ನೆಲ್ಲ ಆವರಿಸದಂತೆ ತಡೆಯುವುದರಲ್ಲಿ ಬೀಜಭಕ್ಷಣೆಗೂ ಪಾಲಿದೆ. ಇವುಗಳನ್ನು ತಿನ್ನುವ ಹಾವು, ಗೂಬೆ, ಸಣ್ಣ ಮಾಂಸಾಹಾರಿಗಳು ಇರುವವರೆಗೆ ಲೆಕ್ಕ ಸರಿದೂಗುತ್ತದೆ.

5. ಅನ್ಯ ಸಸ್ತನಿಗಳು: ದ್ವೀಪಗಳ ಅನುಭವ

ಅನ್ಯ ಸಸ್ತನಿಗಳ ಹಾನಿ ಅತ್ಯಂತ ಸ್ಪಷ್ಟವಾಗಿ ಕಂಡುಬಂದಿರುವುದು ದ್ವೀಪಗಳಲ್ಲಿ. ಅಲ್ಲಿನ ಮರಗಳು ಇಲಿ, ಜಿಂಕೆ, ಹಂದಿಗಳಿಲ್ಲದ ನೆಲದಲ್ಲಿ ಬೆಳೆದುಬಂದವು. ಗಮನಾರ್ಹ ಸಂಗತಿಯೆಂದರೆ, ಅಲ್ಲಿ ಹಾವಳಿಯೆಬ್ಬಿಸಿದ ಪ್ರಾಣಿಗಳಲ್ಲಿ ಕೆಲವು ನಮ್ಮ ಉಪಖಂಡದ ಸ್ಥಳೀಯ ಪ್ರಾಣಿಗಳೇ ಆಗಿವೆ.

5.1 ಅಂಡಮಾನ್: ಬ್ರಿಟಿಷರ ಕಾಲದಲ್ಲಿ, 20ನೇ ಶತಮಾನದ ಆರಂಭದ ದಶಕಗಳಲ್ಲಿ, ಚುಕ್ಕೆ ಜಿಂಕೆಯನ್ನು ಅಂಡಮಾನ್ ದ್ವೀಪಗಳಿಗೆ ಒಯ್ದು ಬಿಡಲಾಯಿತು. ಅಲ್ಲಿ ಹುಲಿಯಾಗಲಿ ಚಿರತೆಯಾಗಲಿ ಇಲ್ಲ. ಜಿಂಕೆಗಳು ಈಜಿ ದ್ವೀಪದಿಂದ ದ್ವೀಪಕ್ಕೆ ಹರಡಿದವು. ಇಂಟರ್‌ವ್ಯೂ ದ್ವೀಪದಲ್ಲಿ ಮರ ಕಡಿಯುವ ಕಂಪನಿಯೊಂದು 1960ರ ದಶಕದಲ್ಲಿ ಬಿಟ್ಟುಹೋದ ಸಾಕಾನೆಗಳು ಕಾಡಾನೆಗಳಾದವು. ಈ ಎರಡೂ ಪ್ರಾಣಿಗಳಿಂದ ಕಾಡಿನ ಕೆಳಸ್ತರದ ಸಸಿಗಳಿಗೂ ಮರಗಳಿಗೂ ಆದ ಹಾನಿಯನ್ನು ರವೂಫ್ ಅಲಿ ಅವರು 2004ರಲ್ಲಿ ಪ್ರಕಟಿಸಿದ ಲೇಖನದಲ್ಲಿ ದಾಖಲಿಸಿದ್ದಾರೆ. ಬಂಡೀಪುರದಲ್ಲಿ ಕಾಡಿಗೆ ಆಧಾರವಾದ ಪ್ರಾಣಿಯೇ ಅಂಡಮಾನಿನಲ್ಲಿ ಕಾಡಿಗೆ ಭಾರವಾಗಿದೆ.

5.2 ಲಾರ್ಡ್ ಹೋವ್ ದ್ವೀಪ (ಆಸ್ಟ್ರೇಲಿಯಾ): 1918ರಲ್ಲಿ ಮಕಾಂಬೋ ಎಂಬ ಹಡಗು ಈ ದ್ವೀಪದ ಬಳಿ ನೆಲಕಚ್ಚಿದಾಗ ಕಪ್ಪು ಇಲಿಗಳು ದಡ ಸೇರಿದವು. ಈ ಇಲಿಯ ಮೂಲ ನೆಲೆ ಭಾರತ ಉಪಖಂಡವೆಂದು ತಿಳಿಯಲಾಗಿದೆ. ಇಲಿಗಳು ಅಲ್ಲಿನ ಹಕ್ಕಿಗಳ ಹಲವು ಜಾತಿಗಳನ್ನು ನಿರ್ನಾಮ ಮಾಡಿದ್ದಲ್ಲದೆ, ಬೆಟ್ಟದ ತುದಿಯ ಮಂಜುಕಾಡಿನಲ್ಲಿ ಮಾತ್ರ ಬೆಳೆಯುವ ಪುಟ್ಟ ತಾಳೆಮರದ ಹಣ್ಣು-ಬೀಜಗಳನ್ನು ತಿಂದುಹಾಕಿದವು. ಬೆಳೆದ ಮರಗಳು ಫಲ ಕೊಡುತ್ತಲೇ ಇದ್ದವು. ಸಸಿಗಳು ಮಾತ್ರ ಏಳುತ್ತಿರಲಿಲ್ಲ. 2019ರಲ್ಲಿ ದ್ವೀಪದಾದ್ಯಂತ ಇಲಿ ನಿರ್ಮೂಲನ ಕಾರ್ಯ ಕೈಗೊಂಡ ನಂತರ ಅಲ್ಲಿ ಎಳೆಸಸಿಗಳು ಮತ್ತೆ ಕಾಣಿಸಿಕೊಂಡಿವೆ.

5.3 ನ್ಯೂಜಿಲೆಂಡ್: ಇಲ್ಲಿ ಬಾವಲಿಗಳ ಹೊರತು ಸ್ಥಳೀಯ ಭೂಸಸ್ತನಿಗಳಿರಲಿಲ್ಲ. ಮಾನವರೊಂದಿಗೆ ಇಲಿಗಳೂ, 1858ರಲ್ಲಿ ತುಪ್ಪಳದ ವ್ಯಾಪಾರಕ್ಕಾಗಿ ಆಸ್ಟ್ರೇಲಿಯಾದಿಂದ ಪೊಸಮ್ ಎಂಬ ಪ್ರಾಣಿಯೂ ಬಂದು ನೆಲೆಸಿದವು. ಪೊಸಮ್‌ಗಳು ಎಲೆ, ಹೂವು, ಹಣ್ಣುಗಳನ್ನು ಮರದ ಮೇಲೆಯೇ ತಿನ್ನುತ್ತವೆ. ಇಲಿಗಳು ಉಳಿದ ಬೀಜಗಳನ್ನು ನೆಲದಲ್ಲಿ ತಿನ್ನುತ್ತವೆ. ಈ ಪ್ರಾಣಿಗಳನ್ನು 2050ರೊಳಗೆ ತೊಡೆದುಹಾಕುವ ಗುರಿಯನ್ನು ಆ ದೇಶದ ಸರ್ಕಾರವು 2016ರಲ್ಲಿ ಪ್ರಕಟಿಸಿತು.

5.4 ಹವಾಯಿ: ಇಲ್ಲಿನ ಸ್ಥಳೀಯ ತಾಳೆಗಳ ಬೀಜಗಳನ್ನು ಇಲಿಗಳು ತಿನ್ನುತ್ತವೆ. ಕಬ್ಬಿನ ಗದ್ದೆಯ ಇಲಿಗಳನ್ನು ಹಿಡಿಯಲೆಂದು 1883ರಲ್ಲಿ ಮುಂಗುಸಿಗಳನ್ನು ತಂದು ಬಿಡಲಾಯಿತು. ಅವು ಇಲಿಗಳ ಹಾವಳಿಯನ್ನು ನಿವಾರಿಸಲಿಲ್ಲ; ಬದಲಿಗೆ ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗಳಿಗೆ ಕಂಟಕವಾದವು. ಒಂದು ಪ್ರಾಣಿಯ ಹತೋಟಿಗೆ ಮತ್ತೊಂದನ್ನು ತಂದು ಬಿಡುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ಇದು ನಿದರ್ಶನ.

6. ಕರ್ನಾಟಕದ ಪರಿಸ್ಥಿತಿ

ನಮ್ಮ ರಾಜ್ಯದ ಕಾಡುಗಳಲ್ಲಿ ದ್ವೀಪಗಳಂತೆ ಹೊರದೇಶದ ಸಸ್ತನಿಗಳ ಹಾವಳಿ ಇಲ್ಲ. ಇಲ್ಲಿ ಪ್ರಶ್ನೆ ಮೂರು ವಿಧದ್ದು.

6.1 ಊರಿನ ಜಾನುವಾರು: ದನ, ಎಮ್ಮೆ, ಆಡು, ಕುರಿಗಳು ಕಾಡಿನಲ್ಲಿ ಹಿಂಡಾಗಿ ದಿನವೂ ಮೇಯುವಾಗ ಎಳೆಸಸಿಗಳು ಚಿಗುರುವುದಕ್ಕೆ ಅವಕಾಶ ದೊರೆಯುವುದಿಲ್ಲ, ಗೊರಸಿನ ತುಳಿತದಿಂದ ಮಣ್ಣು ಗಟ್ಟಿಯಾಗಿ ಬೀಜ ಬೇರೂರುವುದು ಕಷ್ಟವಾಗುತ್ತದೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂತಹ ರಾಂಪತ್ರೆ ಜಡ್ಡಿಗಳು ವರ್ಷವಿಡೀ ನೀರು ನಿಂತಿರುವ ಪುಟ್ಟ ತಾಣಗಳು. 2000ದಲ್ಲಿ ಹೊಸ ಜಾತಿಯೆಂದು ವಿವರಿಸಲಾದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರಕ್ಕೆ ಈ ಕಾನಿನ ಹೆಸರನ್ನೇ ಇಡಲಾಗಿದೆ. ಮರಗಳ ಸಂಖ್ಯೆಯೇ ಅತಿ ವಿರಳವಾಗಿರುವಲ್ಲಿ ಒಂದೊಂದು ಸಸಿಯೂ ಲೆಕ್ಕಕ್ಕೆ ಬರುತ್ತದೆ.

6.2 ಅನ್ಯ ಸಸ್ಯಗಳ ಬೀಜಗಳನ್ನು ಹರಡುವ ಸಸ್ತನಿಗಳು: ಅಮೆರಿಕ ಖಂಡ ಮೂಲದ ಬಳ್ಳಾರಿ ಜಾಲಿಯ ಸಿಹಿಯಾದ ಕಾಯಿಗಳನ್ನು ದನ, ಆಡುಗಳು ತಿನ್ನುತ್ತವೆ, ಗಟ್ಟಿ ಬೀಜಗಳು ಸಗಣಿ, ಹಿಕ್ಕೆಗಳೊಂದಿಗೆ ಬಿದ್ದು ಸುಲಭವಾಗಿ ಮೊಳೆಯುತ್ತವೆ. ಬಯಲುಸೀಮೆಯ ಕುರುಚಲು ಕಾಡು, ಕೆರೆಯಂಗಳ, ಗೋಮಾಳಗಳಲ್ಲಿ ಇದು ಹರಡಿದ್ದು ಬಹುಮಟ್ಟಿಗೆ ಹೀಗೆಯೇ. ಲಂಟಾನದ ಹಣ್ಣುಗಳನ್ನು ಹಕ್ಕಿಗಳಲ್ಲದೆ ಕರಡಿ, ಕೋತಿಗಳೂ ತಿನ್ನುತ್ತವೆ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿ ರಂಗನಬೆಟ್ಟದಲ್ಲಿ 1997ರಲ್ಲಿ ಪರಿಶೀಲಿಸಿದ ತಾಕುಗಳ ಪೈಕಿ ಶೇ. 41ರಲ್ಲಿದ್ದ ಲಂಟಾನ, 2008ರ ವೇಳೆಗೆ ಶೇ. 81ರಲ್ಲಿ ಕಂಡುಬಂದಿತು. ದಟ್ಟ ಲಂಟಾನದ ಕೆಳಗೆ ಬಿದ್ದ ನೆಲ್ಲಿ ಬೀಜಕ್ಕೆ ಬೆಳಕು ಸಿಗುವುದು ಕಷ್ಟ. ಹೀಗೆ ಸ್ಥಳೀಯ ಪ್ರಾಣಿಯೇ ಅನ್ಯ ಸಸ್ಯಕ್ಕೆ ಅರಿಯದೆ ನೆರವಾಗುತ್ತದೆ.

6.3 ಬೀಜ ಒಯ್ಯುವ ಪ್ರಾಣಿಗಳ ಇಳಿಕೆ: ಕಳ್ಳಬೇಟೆ, ರಸ್ತೆ ಅಪಘಾತ, ಆನೆ ದಾರಿಗಳ ಮುಚ್ಚುವಿಕೆ ಹಾಗೂ ನಾಯಿಗಳ ಕಾಟದಿಂದ ದೊಡ್ಡ ಹಾಗೂ ಮಧ್ಯಮ ಗಾತ್ರದ ಸಸ್ತನಿಗಳು ಮೊದಲು ಕಡಿಮೆಯಾಗುತ್ತವೆ, ಇಲಿಗಳು ಉಳಿಯುತ್ತವೆ. ಅಂದರೆ ಬೀಜ ಒಯ್ಯುವವರು ಹೋಗಿ ತಿನ್ನುವವರು ಮಾತ್ರ ಉಳಿದಂತಾಗುತ್ತದೆ. ಹೊರಗಿನಿಂದ ನೋಡಿದರೆ ಇಂತಹ ಕಾಡು ಹಸಿರಾಗಿಯೇ ಇರುತ್ತದೆ. ನಿಂತಿರುವ ಮರಗಳು ಮುಪ್ಪಾಗಿ ಬಿದ್ದಾಗ, ಅವುಗಳ ಸ್ಥಾನಕ್ಕೆ ಬರಬೇಕಾದ ಮರಗಳು ಇಲ್ಲವೆಂಬುದು ಗೊತ್ತಾಗುತ್ತದೆ. ಆಗ ಮಾಡಬಹುದಾದ ಪರಿಹಾರ ಬಹಳ ಕಡಿಮೆ.

7. ಜನರ ಸಂಗ್ರಹಣೆ ಮತ್ತು ಪ್ರಾಣಿಗಳ ಪಾಲು

ಉಪ್ಪಾಗೆ, ಮುರುಗಲು, ರಾಂಪತ್ರೆ, ನೆಲ್ಲಿ ಮುಂತಾದ ಉತ್ಪನ್ನಗಳ ಸಂಗ್ರಹಣೆಯಿಂದ ಸಾವಿರಾರು ಕುಟುಂಬಗಳು ಜೀವನ ಸಾಗಿಸುತ್ತಿವೆ. ಸಂಗ್ರಹಣೆಯೇ ತಪ್ಪಲ್ಲ. ಆದರೆ ಉಪ್ಪಾಗೆಗೆ 1990ರ ದಶಕದಲ್ಲಿ ಬೆಲೆ ಏರಿದಾಗ ಉತ್ತರ ಕನ್ನಡದ ಕೆಲವೆಡೆ ಹಣ್ಣು ಮಾಗುವ ಮೊದಲೇ ಕೊಯ್ಯುವ, ಕೊಂಬೆಗಳನ್ನೇ ಕಡಿಯುವ ಪೈಪೋಟಿ ಉಂಟಾಯಿತು. ಕಾಯಿಯಾಗಿರುವಾಗಲೇ ಕಿತ್ತರೆ ಬೀಜ ಬಲಿತಿರುವುದಿಲ್ಲ. ಪ್ರಾಣಿಗಳಿಗೂ ಆಹಾರ ಉಳಿಯುವುದಿಲ್ಲ. ಸಂಗ್ರಹಿಸುವವರಿಗೆ ಒಳ್ಳೆಯ ಸಿಪ್ಪೆಯೂ ಸಿಗುವುದಿಲ್ಲ. ಮೂವರಿಗೂ ನಷ್ಟ.

ಮಾಗಿ ಬಿದ್ದ ಹಣ್ಣನ್ನು ಆಯ್ದು, ಸಿಪ್ಪೆಯನ್ನು ಮಾತ್ರ ತೆಗೆದುಕೊಂಡು, ಬೀಜದ ಒಂದು ಪಾಲನ್ನು ಕಾಡಿನಲ್ಲೇ ಬಿಡುವುದು ಸರಳವಾದ ಪರಿಹಾರ. ಬೀಜವನ್ನು ತಾಯಿಮರದ ಬುಡದಲ್ಲಿ ರಾಶಿ ಹಾಕದೆ, ದೂರದಲ್ಲಿ ನೆರಳಿರುವ ತೇವದ ಜಾಗಗಳಲ್ಲಿ ಚದುರಿಸಿದರೆ ಸಂಗ್ರಾಹಕರೇ ಸಿಂಗಳೀಕದ ಕೆಲಸವನ್ನು ಒಂದಿಷ್ಟು ಮಾಡಿದಂತಾಗುತ್ತದೆ.

8. ಸಂಬಂಧಪಟ್ಟ ಕಾನೂನುಗಳು

(1) ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972: ಅಭಯಾರಣ್ಯದಿಂದ ಅರಣ್ಯ ಉತ್ಪನ್ನವನ್ನು ಅನುಮತಿಯಿಲ್ಲದೆ ತೆಗೆಯುವುದನ್ನು ಪ್ರಕರಣ 29 ನಿಷೇಧಿಸುತ್ತದೆ. ರಾಷ್ಟ್ರೀಯ ಉದ್ಯಾನಕ್ಕೆ ಪ್ರಕರಣ 35 ಅನ್ವಯವಾಗುತ್ತದೆ. ಅಲ್ಲಿ ಜಾನುವಾರು ಮೇಯಿಸುವಂತಿಲ್ಲ. ಅಭಯಾರಣ್ಯದಲ್ಲಿ ಮೇಯಿಸುವಿಕೆಯನ್ನು ಮುಖ್ಯ ವನ್ಯಜೀವಿ ಪಾಲಕರು ನಿಯಂತ್ರಿಸಬಹುದಾಗಿದೆ. ಅಧ್ಯಯನ, ಸಂಶೋಧನೆ, ಛಾಯಾಗ್ರಹಣ ಮುಂತಾದ ಉದ್ದೇಶಗಳಿಗಾಗಿ ಪ್ರವೇಶದ ಅನುಮತಿಯನ್ನು ಪ್ರಕರಣ 28ರಡಿ ಕೋರಬಹುದು.

(2) ಸದರಿ ಅಧಿನಿಯಮದ 2022ರ ತಿದ್ದುಪಡಿ (2023ರ ಏಪ್ರಿಲ್ 1ರಿಂದ ಜಾರಿ): ಹಿಂದೆ ಹಣ್ಣುಬಾವಲಿ, ಇಲಿ, ಕಾಗೆಗಳನ್ನು ಪೀಡಕ ಪ್ರಾಣಿಗಳೆಂದು ಪಟ್ಟಿ ಮಾಡಿದ್ದ 5ನೇ ಅನುಸೂಚಿಯನ್ನು ಕೈಬಿಡಲಾಗಿದೆ. ಅಲ್ಲದೆ, ಭಾರತಕ್ಕೆ ಸ್ಥಳೀಯವಲ್ಲದ ಆಕ್ರಮಣಕಾರಿ ಅನ್ಯ ಪ್ರಭೇದಗಳ ಆಮದು, ವ್ಯಾಪಾರ, ಸ್ವಾಧೀನ ಮತ್ತು ಹರಡುವಿಕೆಯನ್ನು ನಿಯಂತ್ರಿಸುವ ಅಧಿಕಾರವನ್ನು ಪ್ರಕರಣ 62ಎ ಮೂಲಕ ಕೇಂದ್ರ ಸರ್ಕಾರಕ್ಕೆ ನೀಡಲಾಗಿದೆ. ಈ ವ್ಯಾಖ್ಯೆಯು ದೇಶವನ್ನು ಒಂದು ಘಟಕವಾಗಿ ಪರಿಗಣಿಸುವುದರಿಂದ, ದೇಶದೊಳಗೆ ಒಂದೆಡೆಯಿಂದ ಮತ್ತೊಂದೆಡೆಗೆ ಒಯ್ದ ಪ್ರಾಣಿಗಳು (ಅಂಡಮಾನಿನ ಜಿಂಕೆಯಂತೆ) ಇದರ ವ್ಯಾಪ್ತಿಗೆ ಬರುವುದಿಲ್ಲ.

(3) ಕರ್ನಾಟಕ ಅರಣ್ಯ ಅಧಿನಿಯಮ, 1963: ಮೀಸಲು ಅರಣ್ಯದಲ್ಲಿ ನಿಷೇಧಿಸಲಾದ ಕೃತ್ಯಗಳನ್ನು ಪ್ರಕರಣ 24ರಲ್ಲಿ ತಿಳಿಸಲಾಗಿದೆ.

(4) ಅರಣ್ಯ ಹಕ್ಕುಗಳ ಮಾನ್ಯತೆ ಅಧಿನಿಯಮ, 2006: ಅರಣ್ಯವಾಸಿ ಅನುಸೂಚಿತ ಬುಡಕಟ್ಟುಗಳ ಮತ್ತು ಇತರ ಪಾರಂಪರಿಕ ಅರಣ್ಯವಾಸಿಗಳ ಕಿರು ಅರಣ್ಯ ಉತ್ಪನ್ನ ಸಂಗ್ರಹಣೆಯ ಹಾಗೂ ಮೇಯಿಸುವ ಹಕ್ಕುಗಳಿಗೆ ಈ ಅಧಿನಿಯಮ ಮಾನ್ಯತೆ ನೀಡುತ್ತದೆ. ಹಕ್ಕಿನ ಕೋರಿಕೆಯನ್ನು ಮೊದಲು ಗ್ರಾಮಸಭೆಗೆ ಸಲ್ಲಿಸತಕ್ಕದ್ದು. ಬಿಳಿಗಿರಿ ರಂಗನಬೆಟ್ಟದ ಸೋಲಿಗರ ಸಮುದಾಯ ಅರಣ್ಯ ಹಕ್ಕುಗಳನ್ನು 2011ರಲ್ಲಿ ಮಾನ್ಯ ಮಾಡಲಾಗಿದೆ.

9. ಅರ್ಜಿದಾರರು ಗಮನಿಸಬೇಕಾದ ಅಂಶಗಳು

(ಅ) ಹಣ್ಣು ಅಥವಾ ಬೀಜ ಸಂಗ್ರಹಣೆಗೆ ಅರ್ಜಿ ಸಲ್ಲಿಸುವವರು ಮರದ ಜಾತಿ, ಸ್ಥಳ, ಅಂದಾಜು ಪ್ರಮಾಣ, ಸಂಗ್ರಹಿಸುವ ತಿಂಗಳು ಹಾಗೂ ವಿಧಾನವನ್ನು (ಆಯುವುದೋ, ಕೊಯ್ಯುವುದೋ) ಸ್ಪಷ್ಟವಾಗಿ ನಮೂದಿಸಿದಲ್ಲಿ ಪರಿಶೀಲನೆ ಸುಲಭವಾಗುತ್ತದೆ.

(ಆ) ಕೊಂಬೆ ಕಡಿಯದೆ, ಮಾಗಿದ ಹಣ್ಣನ್ನು ಮಾತ್ರ ಸಂಗ್ರಹಿಸುವುದು. ಪ್ರತಿ ಮರದಲ್ಲೂ ಒಂದು ಪಾಲನ್ನು ಪ್ರಾಣಿಗಳಿಗೂ ಪುನರುತ್ಪತ್ತಿಗೂ ಬಿಡುವುದು.

(ಇ) ಸಸ್ಯಪಾಲನಾ ಕ್ಷೇತ್ರಕ್ಕಾಗಿ ಬೀಜ ತರುವವರು ಒಂದೇ ಮರದಿಂದ ಎಲ್ಲವನ್ನೂ ತರದೆ ಹಲವು ಮರಗಳಿಂದ ಸ್ವಲ್ಪಸ್ವಲ್ಪವಾಗಿ ತರುವುದು. ನಿತ್ಯಹರಿದ್ವರ್ಣ ಜಾತಿಗಳ ಬೀಜಗಳನ್ನು ಬಿಸಿಲಿನಲ್ಲಿ ಒಣಗಿಸದೆ ತಡಮಾಡದೆ ಬಿತ್ತುವುದು.

(ಈ) ಬಳ್ಳಾರಿ ಜಾಲಿಯ ಕಾಯಿ ಮೇಯ್ದ ಜಾನುವಾರುಗಳನ್ನು ನೇರವಾಗಿ ಕಾಡಿಗೆ ಹೊಡೆಯದಿರುವುದು.

(ಉ) ಅಭಯಾರಣ್ಯದ ಸುತ್ತಲಿನ 5 ಕಿಲೋಮೀಟರ್ ವ್ಯಾಪ್ತಿಯ ಗ್ರಾಮಸ್ಥರು ತಮ್ಮ ಜಾನುವಾರುಗಳಿಗೆ ಲಸಿಕೆ ಹಾಕಿಸುವುದು (ಅಧಿನಿಯಮದ ಪ್ರಕರಣ 33ಎ). ಜಾನುವಾರುಗಳ ರೋಗ ಕಾಟಿ, ಕಡವೆಗಳಿಗೆ ತಗಲಿದರೆ ಕಾಡಿಗೂ ನಷ್ಟ.

(ಊ) ಹಿಡಿದ ಕೋತಿ, ಮುಂಗುಸಿ, ಇಲಿ, ಹಾವು ಇತ್ಯಾದಿಗಳನ್ನು ತಾವಾಗಿಯೇ ಬೇರೆ ಕಾಡಿಗೆ ಒಯ್ದು ಬಿಡಬಾರದು. ಸಾಕಿದ ವಿದೇಶಿ ಪ್ರಾಣಿಗಳನ್ನು ಹೊರಗೆ ಬಿಡುವುದು ಇನ್ನೂ ಅಪಾಯಕಾರಿ.

(ಋ) ಪ್ರವಾಸಿಗರು ಆಹಾರದ ಉಳಿಕೆಯನ್ನು ಕಾಡಿನಲ್ಲಿ ಎಸೆಯಬಾರದು. ಇದರಿಂದ ಇಲಿ, ಕೋತಿ, ಬೀದಿನಾಯಿಗಳು ಹೆಚ್ಚುತ್ತವೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬಿದ್ದ ಹಣ್ಣು ಹೇಗಿದ್ದರೂ ಕೊಳೆಯುತ್ತದೆ. ಅದನ್ನು ಆಯ್ದರೆ ಕಾಡಿಗೆ ನಷ್ಟವೇನು?
ಉತ್ತರ: ಬಿದ್ದ ಹಣ್ಣಿನಲ್ಲಿ ಒಂದು ಭಾಗ ಕೊಳೆಯುತ್ತದೆ, ಒಂದು ಭಾಗವನ್ನು ಜಿಂಕೆ, ಕಡವೆ, ಮರಬೆಕ್ಕುಗಳು ತಿಂದು ಹರಡುತ್ತವೆ. ಸ್ವಲ್ಪ ಆಯ್ದರೆ ನಷ್ಟವಿಲ್ಲ. ಪೂರ್ತಿ ಆಯ್ದರೆ ಎರಡನೆಯ ಭಾಗವೂ ಹೋಗುತ್ತದೆ.

ಪ್ರಶ್ನೆ: ಇಲಿ, ಅಳಿಲುಗಳು ಬೀಜ ತಿನ್ನುವುದಾದರೆ ಅವುಗಳಿಗೆ ವಿಷವಿಟ್ಟರೆ ಕಾಡು ಬೆಳೆಯುವುದಿಲ್ಲವೇ?
ಉತ್ತರ: ಇಲ್ಲ. ಅವು ಇಲ್ಲಿನ ಸ್ಥಳೀಯ ಪ್ರಾಣಿಗಳು. ಕಾಡಿನಲ್ಲಿ ವಿಷವಿಡುವುದು ಅಪರಾಧವಾಗುವುದಲ್ಲದೆ, ಇಲಿಯನ್ನು ತಿನ್ನುವ ಗೂಬೆ, ಮರಬೆಕ್ಕುಗಳೂ ಸಾಯುತ್ತವೆ. ಲಾರ್ಡ್ ಹೋವ್ ದ್ವೀಪದ ಕ್ರಮವು, ಇಲಿ ಹೊರಗಿನಿಂದ ಬಂದ ಸ್ಥಳಕ್ಕೆ, ವರ್ಷಗಳ ಸಿದ್ಧತೆಯ ನಂತರ ಕೈಗೊಂಡುದಾಗಿದೆ.

ಪ್ರಶ್ನೆ: ಪ್ರಾಣಿಗಳ ಬದಲು ನಾವೇ ಸಸಿ ನೆಟ್ಟರೆ ಸಾಲದೇ?
ಉತ್ತರ: ನೆಡುವುದು ಸ್ವಾಗತಾರ್ಹ. ಆದರೆ ನೆಡುತೋಪಿನಲ್ಲಿ ಸಾಮಾನ್ಯವಾಗಿ ಕೆಲವೇ ಜಾತಿಗಳಿರುತ್ತವೆ. ನೂರಾರು ಜಾತಿಗಳ ಬೀಜಗಳನ್ನು ಪ್ರತಿವರ್ಷ, ಕಡಿದಾದ ಬೆಟ್ಟದ ಮೇಲೂ ಖರ್ಚಿಲ್ಲದೆ ಬಿತ್ತುವ ಕೆಲಸ ಪ್ರಾಣಿಗಳಿಂದಲೇ ಸಾಧ್ಯ.

ಪ್ರಶ್ನೆ: ತೋಟಕ್ಕೆ ಬರುವ ಬಾವಲಿಗಳನ್ನು ಓಡಿಸಬಹುದೇ?
ಉತ್ತರ: ಹಣ್ಣಿನ ಮರಕ್ಕೆ ಬಾವಲಿ ಸಿಕ್ಕಿಕೊಳ್ಳದಂತೆ ಬಿಗಿಯಾಗಿ ಬಲೆ ಹೊದಿಸುವುದು, ಗೊನೆಗೆ ಚೀಲ ಕಟ್ಟುವುದು ಸೂಕ್ತ. ಬಾವಲಿಗಳನ್ನು ಕೊಲ್ಲುವುದು, ಅವು ತಂಗುವ ಮರವನ್ನು ಕಡಿಯುವುದು ತರವಲ್ಲ.

11. ಹೆಚ್ಚಿನ ಮಾಹಿತಿಗೆ

ಅರ್ಜಿಗಳ ಕುರಿತು ಸಾರ್ವಜನಿಕರು ತಮ್ಮ ವ್ಯಾಪ್ತಿಯ ವಲಯ ಅರಣ್ಯಾಧಿಕಾರಿಗಳ ಕಚೇರಿಯನ್ನು, ಅರಣ್ಯ ಹಕ್ಕುಗಳ ಕುರಿತು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಯನ್ನು ಸಂಪರ್ಕಿಸಬಹುದಾಗಿದೆ. ಸಂಗ್ರಹಣೆಯ ಹಂಗಾಮು ಆರಂಭವಾಗುವ ಮುನ್ನವೇ ಅರ್ಜಿ ಸಲ್ಲಿಸುವುದು ಒಳ್ಳೆಯದು. ಹಣ್ಣು ಮಾಗುವ ಕಾಲವು ಕಡತಕ್ಕಾಗಿ ಕಾಯುವುದಿಲ್ಲ.